ಸಾಹುಕಾರರು ನನ್ನ ಪಹಣಿ ಕೇಳುತ್ತಿದ್ದಾರೆ, ಏನು ಮಾಡಲಿ?

ಸಿಂಧನೂರು ತಾಲ್ಲೂಕಿನ ರೈತ:

ನಮಸ್ಕಾರ ರೀ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮದು ನಾಲ್ಕು ಎಕರೆ ಇದೆ. ಹಿಂಗಾರಿಗೆ ಹೈಬ್ರಿಡ್ ಜೋಳ ಹಾಕಿದ್ದೆ. ಕೊನೆಯ ಎರಡು ನೀರು ಸಿಗಲಿಲ್ಲ, ರಾಶಿ ಮಾಡಿದಾಗ ಬಂದದ್ದು 26 ಕ್ವಿಂಟಲ್ ಅಷ್ಟೇ. ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಕೊಟ್ಟು ಬೆಂಬಲ ಬೆಲೆಗೆ ಹೆಸರು ಬರೆಸಿದ್ದೇನೆ. ಎಕರೆ ಲೆಕ್ಕ ಹಿಡಿದರೆ ನನ್ನ ಹೆಸರಲ್ಲಿ ಇನ್ನೂ ಜಾಸ್ತಿ ಹಾಕಬಹುದು. ಅದಕ್ಕೇ ಈಗ ಗೊಬ್ಬರದ ಅಂಗಡಿಯ ಸಾಹುಕಾರರು ಬೆನ್ನು ಬಿದ್ದಿದ್ದಾರೆ. ಹೊರಗಿನಿಂದ 2,200ರ ಆಸುಪಾಸಿನಲ್ಲಿ ತರಿಸಿದ ಜೋಳವನ್ನು ನನ್ನ ಪಹಣಿ ಮೇಲೆ ಹಾಕಬೇಕಂತೆ. 2024-25ರ ಸರ್ಕಾರದ ದರ 3,371. ನನಗೆ ಕ್ವಿಂಟಲ್‌ಗೆ 200 ರೂಪಾಯಿ, ಅದನ್ನು ನನ್ನ ಬಾಕಿಯಲ್ಲಿ ಮುರಿಯುತ್ತಾರಂತೆ. ಎಲ್ಲರೂ ಕೊಡುತ್ತಾರೆ, ನಿನ್ನದೇನು ಹೋಗುತ್ತದೆ ಅನ್ನುತ್ತಾರೆ. ಬೀಜ, ಗೊಬ್ಬರ ಎಲ್ಲ ಅವರ ಹತ್ತಿರವೇ ಉದ್ರಿ. ಮನಸ್ಸು ಒಪ್ಪುತ್ತಿಲ್ಲ, ಅವರ ಮುಂದೆ ಇಲ್ಲ ಅನ್ನಲು ಬಾಯಿಯೂ ಬರುತ್ತಿಲ್ಲ. ಇಂಥದ್ದು ಕಂಡವರು ಹೇಳಿ.

ಮಸ್ಕಿ ಕಡೆಯವರು:

ತಮ್ಮಾ, ನಾನು ಕೊಟ್ಟವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ದರ 3,180 ಇದ್ದ ವರ್ಷ. 40 ಕ್ವಿಂಟಲ್ ನನ್ನ ಹೆಸರಲ್ಲಿ ಹಾಕಿದರು. ಕ್ವಿಂಟಲ್‌ಗೆ 150ರಂತೆ ನನಗೆ 6,000 ಅಂತ ಮಾತಾಗಿತ್ತು. ನಾನು ಆ ಜೋಳವನ್ನು ಕಣ್ಣಿಂದ ಕೂಡ ನೋಡಿಲ್ಲ. ಸುಮ್ನೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದೆ. ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಬೀಳುತ್ತದೆ ಅಲ್ವಾ, ನನ್ನ ಖಾತೆಗೆ 1,27,200 ಬಿತ್ತು. ಅದೇ ಬ್ಯಾಂಕಿನಲ್ಲಿ ನನ್ನ ಬೆಳೆ ಸಾಲ ಕಟ್ಟುವುದು ಬಾಕಿ ಇತ್ತು, ಅವರು 58 ಸಾವಿರ ಅದಕ್ಕೆ ಹಿಡಿದುಕೊಂಡರು. ಸಾಹುಕಾರರು ಕೇಳುತ್ತಾರೆಯೇ? ಸಂಜೆಯ ಹೊತ್ತಿಗೆ ಮನೆ ಮುಂದೆ ಗಾಡಿ ನಿಲ್ಲಿಸಿದರು. ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದು ಅವರ ದುಡ್ಡು ತುಂಬಿದೆ. ಆರು ಸಾವಿರದ ಆಸೆಗೆ ಒಂದು ವರ್ಷ ಬಡ್ಡಿ ಕಟ್ಟಿದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ನಮ್ಮ ಕಾಕಾ ಅದೇ ಕೇಂದ್ರದ ಮುಂದೆ ಮೂರು ರಾತ್ರಿ ಟ್ರ್ಯಾಕ್ಟರ್ ಕೆಳಗೆ ಮಲಗಿದ್ದ. ಅವನದು ಹೊಲದಲ್ಲಿ ಬೆಳೆದ ಜೋಳ, ಚೀಲಕ್ಕೆ ಕೈ ಹಾಕಿದರೆ ಇನ್ನೂ ಕಣದ ವಾಸನೆ ಬರುತ್ತಿತ್ತು. ನಾಲ್ಕನೇ ದಿನ ಗುರಿ ಮುಗಿಯಿತು ಅಂತ ಖರೀದಿ ನಿಲ್ಲಿಸಿದರು. ಅವನು ವಾಪಸ್ ಬಂದು ಯಾರಿಗೆ ಮಾರಿದ ಗೊತ್ತಾ? ನನ್ನ ಪಹಣಿ ತೆಗೆದುಕೊಂಡ ಅದೇ ಸಾಹುಕಾರರಿಗೆ, 1,900ಕ್ಕೆ. ಕಾಕಾನ ಜಾಗದಲ್ಲಿ ನನ್ನ ಹೆಬ್ಬೆಟ್ಟು ಕೂತಿತ್ತು. ಅವನಿಗೆ ಇದು ಗೊತ್ತಿರಲಿಲ್ಲ. ಆಮೇಲೆ ಅವನ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಗಂಟಲಲ್ಲಿ ತುತ್ತು ನಿಲ್ಲುತ್ತಿತ್ತು. ಹೋದ ಕಾರಹುಣ್ಣಿಮೆ ದಿನ ಹೇಳಿಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಎತ್ತಿಗೆ ಬಣ್ಣ ಹಚ್ಚೋಣ ಬಾ ಅಂದ, ಅಷ್ಟೇ.

ನಿನ್ನದೇನು ಹೋಗುತ್ತದೆ ಅಂತ ಕೇಳಿದರಲ್ಲ, ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದು. ನಾಳೆ ವಿಚಾರಣೆ ಬಂದರೂ ಪಹಣಿ ನಿನ್ನದು, ಖಾತೆ ನಿನ್ನದು, ಸಹಿ ನಿನ್ನದು. ಅವರ ಹೆಸರು ಒಂದು ಚೀಟಿಯಲ್ಲೂ ಇರುವುದಿಲ್ಲ.

ಕಾರಟಗಿಯಿಂದ ಒಬ್ಬ ಗೃಹಿಣಿ:

ಅಣ್ಣಾ, ನಮ್ಮಲ್ಲಿ ಭತ್ತಕ್ಕೆ ಹೀಗೇ ಕೇಳಿದ್ದರು. ನಮ್ಮ ಮನೆಯವರಿಗೆ ಎದುರು ಮಾತಾಡಲು ಆಗಲಿಲ್ಲ, ನಾನೇ ಅಂಗಡಿಗೆ ಹೋದೆ. ಪಹಣಿ ವಿಷಯ ಎತ್ತಲೇ ಇಲ್ಲ. ನಮ್ಮ ಲೆಕ್ಕ ಪೂರ್ತಿ ಬರೆದು ಕೊಡಿ ಅಂದೆ. ಯಾವ ತಿಂಗಳು ಎಷ್ಟು ಚೀಲ ಗೊಬ್ಬರ, ಯಾವ ಔಷಧಿ, ಬಡ್ಡಿ ಎಷ್ಟು, ಎಲ್ಲ ಹಾಳೆಯಲ್ಲಿ ಬರೆಸಿಕೊಂಡೆ. ನಮ್ಮ ಸೋನಾ ಮಸೂರಿ 75 ಕೆಜಿ ಚೀಲದ ಲೆಕ್ಕದಲ್ಲಿ ಮಾರಿ ಅರ್ಧ ಬಾಕಿ ಕೈಗೆ ಕೊಟ್ಟೆ. ಆಮೇಲೆ ಹೇಳಿದೆ: ಉಳಿದದ್ದು ಮುಂದಿನ ರಾಶಿಗೆ ಕೊಡುತ್ತೇವೆ ರೀ, ಪಹಣಿ ಮಾತ್ರ ನಮ್ಮ ಅತ್ತೆಯ ಹೆಸರಲ್ಲಿದೆ, ಅವರು ಒಪ್ಪಲ್ಲ. ಅತ್ತೆಯನ್ನು ನಿಜವಾಗಿಯೂ ಕೇಳಿಯೇ ಹೋಗಿದ್ದೆ, ಸುಳ್ಳು ಹೇಳಲಿಲ್ಲ.

ಸುಲಭ ಇತ್ತು ಅನ್ನಲ್ಲ. ಒಂದು ಹಂಗಾಮು ಅವರು ನಮಗೆ ಉದ್ರಿ ಕೊಡಲಿಲ್ಲ. ನನ್ನ ಬೆಂಡೋಲೆ ಅಡ ಇಟ್ಟು ಗಂಗಾವತಿಯಿಂದ ನಗದಿಗೆ ಯೂರಿಯಾ ತಂದೆವು. ಅದರ ಮುಂದಿನ ಹಂಗಾಮಿಗೆ ಅವರೇ ಕರೆದು ಕೊಟ್ಟರು. ಬಾಕಿ ಸರಿಯಾಗಿ ಕಟ್ಟುವ ಗಿರಾಕಿಯನ್ನು ಯಾವ ಅಂಗಡಿಯವರೂ ಬಹಳ ದಿನ ಬಿಡಲ್ಲ. ಸಾಲ ಬೇರೆ, ಪಹಣಿ ಬೇರೆ, ಎರಡನ್ನೂ ಒಂದೇ ಮಾತಲ್ಲಿ ಸೇರಿಸಲು ಅವರಿಗೆ ಬಿಡಬೇಡಿ.

ಮಾನ್ವಿಯ ಯುವಕ:

ಒಂದು ಖರೀದಿ ಕೇಂದ್ರದಲ್ಲಿ ಎರಡು ಹಂಗಾಮು ದಿನಗೂಲಿಗೆ ತೇವ ನೋಡುವ ಕೆಲಸ ಮಾಡಿದ್ದೇನೆ. ಜೋಳಕ್ಕೆ ತೇವಾಂಶ 14ರ ಒಳಗೆ ಇರಬೇಕು. ಹಳೇ ದಾಸ್ತಾನು ತೇವದಲ್ಲಿ ಸಲೀಸಾಗಿ ಪಾಸಾಗುತ್ತದೆ, ಆದರೆ ಅಂಗೈಗೆ ಹಾಕಿಕೊಂಡರೆ ಗೊತ್ತಾಗುತ್ತದೆ, ಹಿಟ್ಟು ಉದುರುತ್ತದೆ, ಕಾಳಲ್ಲಿ ನುಸಿ ಹೊಡೆದ ತೂತು ಕಾಣುತ್ತದೆ. ಚೀಲದ ಜೊತೆ ಬಂದ ರೈತನನ್ನು ಯಾವ ತಳಿ ಅಂತ ಕೇಳಿದರೆ ಅವನು ಸಾಹುಕಾರರ ಮುಖ ನೋಡುತ್ತಾನೆ. ನನಗೂ ಒಮ್ಮೆ 500ರ ನೋಟು ಮಡಚಿ ಜೇಬಿಗೆ ಹಾಕಿದರು. ದಿನಗೂಲಿಗಿಂತ ಜಾಸ್ತಿ ಅದು. ಮಧ್ಯಾಹ್ನದ ತನಕ ಜೇಬಲ್ಲೇ ಇತ್ತು, ಊಟ ಸೇರಲಿಲ್ಲ, ಹೋಗಿ ವಾಪಸ್ ಕೊಟ್ಟೆ. ಮರುದಿನದಿಂದ ನನ್ನನ್ನು ತೇವದ ಮಷಿನ್ ಬಿಡಿಸಿ ಚೀಲ ಎಣಿಸಲು ಹಾಕಿದರು. ಕೊಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಆ ಜೋಳ ರೇಷನ್ ಅಂಗಡಿಗೆ ಬಂದು ನಮ್ಮವರೇ ರೊಟ್ಟಿ ಬಡಿಯಬೇಕು ಅಲ್ವಾ.

ಲಿಂಗಸುಗೂರಿನ ಹಿರಿಯರು:

ನಮ್ಮ ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಅವ್ವ ಜೋಳ ಹಸನು ಮಾಡುತ್ತಾ ಹೇಳುತ್ತಿದ್ದಳು. ಕಲ್ಯಾಣದಲ್ಲಿ ಗಂಡ ಮಾರಯ್ಯ ಒಂದು ದಿನ ದಿನದ ಪಾಲಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ಕಳಿಸಿದಳು. ಬಡವರ ಮನೆ ಅದು, ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದವರು. ಹೊಟ್ಟೆ ತುಂಬಿದವರಿಗೆ ಮಾತ್ರ ಇಂಥ ಮಾತು ಅಂತ ಯಾರಾದರೂ ನಿನಗೆ ಹೇಳಿದರೆ ಇದನ್ನು ನೆನೆಸಿಕೋ ಮಗಾ.

ಸಿಂಧನೂರು ತಾಲ್ಲೂಕಿನ ರೈತ:

ಎಲ್ಲರಿಗೂ ಶರಣು. ಮಸ್ಕಿ ಅಣ್ಣಾ, ನಿಮ್ಮ ಕಾಕಾನ ಮಾತು ಓದಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಓಣಿಯಲ್ಲೇ ಇಬ್ಬರು ಇನ್ನೂ ಸರದಿ ಕಾಯುತ್ತಿದ್ದಾರೆ. ಅಕ್ಕ ಹೇಳಿದ ಹಾಗೆ ಇವತ್ತು ಅಂಗಡಿಗೆ ಹೋಗಿ ಲೆಕ್ಕ ಬರೆಸಿಕೊಂಡೆ, 41 ಸಾವಿರ ಬಾಕಿ ಇದೆ. ಪಹಣಿ ಕೊಡಲ್ಲ ಸಾಹುಕಾರ್ರೇ ಅಂದೆ. ಕೈ ನಡುಗುತ್ತಿತ್ತು. ಅವರು ಏನೂ ಅನ್ನಲಿಲ್ಲ, ಬೇರೆ ಗಿರಾಕಿ ಕಡೆ ತಿರುಗಿದರು. ಮುಂಗಾರಿಗೆ ಬೀಜ ಎಲ್ಲಿಂದ ತರಬೇಕು ಅಂತ ಇನ್ನೂ ತಿಳಿದಿಲ್ಲ. ನಾಳೆ ನಸುಕಿಗೆ 26 ಕ್ವಿಂಟಲ್ ಹೇರಿಕೊಂಡು ಕೇಂದ್ರಕ್ಕೆ ಹೊರಡುತ್ತೇನೆ, ಓಣಿಯ ಆ ಇಬ್ಬರ ಚೀಲಗಳನ್ನೂ ನಮ್ಮ ಟ್ರೇಲರ್‌ಗೇ ಹಾಕಿಕೊಳ್ಳುತ್ತೇನೆ, ಜಾಗ ಇದೆ.