ಷಡ್ಜ ಜಾರಿದ್ದು ಟೇಪಿನ ತಪ್ಪಾ?

(ನಮ್ಮ ಮನೆ ಗ್ರೂಪಿನಿಂದ. ಶುಭೋದಯದ ಹೂವು, ಮದುವೆ ಕಾರ್ಡು, ಯಾರದೋ ಗ್ಯಾಸ್ ಬುಕಿಂಗ್ ವಿಷಯ, ಇವನ್ನೆಲ್ಲ ತೆಗೆದಿದ್ದೇನೆ.)

ನಾನು: ಪಾಶ್ಚಾತ್ಯ ಸಂಗೀತದ ಶೂಬರ್ಟ್ ಬರೆದ ಸ್ಟ್ರಿಂಗ್ ಕ್ವಿಂಟೆಟ್, ಅಂದರೆ ಐದು ತಂತಿವಾದ್ಯಗಳ ಕೃತಿ, ಅದರ ಎರಡನೇ ಭಾಗ. ಎರಡು ವಯೊಲಿನ್, ಒಂದು ವಿಯೋಲಾ, ಎರಡು ಚೆಲ್ಲೊ. 1952ರಲ್ಲಿ ಫ್ರಾನ್ಸಿನ ಪ್ರಾದ್ ಊರಿನಲ್ಲಿ ರೆಕಾರ್ಡ್ ಮಾಡಿದ್ದು. ಮೊದಲ ವಯೊಲಿನ್ ಐಸಾಕ್ ಸ್ಟರ್ನ್, ಮೊದಲ ಚೆಲ್ಲೊ ಪಾಬ್ಲೊ ಕಸಾಲ್ಸ್. ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಫೋನ್ ಸ್ಪೀಕರಿನಲ್ಲಿ ಕೆಳಗಿನ ಚೆಲ್ಲೊ ಕೇಳಲ್ಲ.

ಹುಬ್ಬಳ್ಳಿ ಸಣ್ಣಕಾಕಾ: ಛಲೋ ಇದೆ. ಆದರೆ ಶುರು ಆಗಿದೆಯೋ ಇಲ್ಲವೋ ಅಂತ ಎರಡು ಸಲ ಫೋನ್ ನೋಡಿದೆ.

ಗದಗ ಕಾಕಾ: ಇದಕ್ಕೆ ಲಯ ಅನ್ನೋದು ಇದೆಯೇನವ್ವಾ? ಐದು ಜನ ಕೂತು ಶ್ರುತಿ ಸರಿಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹಾಡುವಾಗ ಯಾವತ್ತಾದರೂ ಇಷ್ಟು ಎಳೆದಿದ್ದು ಕೇಳಿದ್ದೀಯಾ? ಮಧ್ಯಲಯದಲ್ಲೇ ರಾಗ ಪೂರ್ತಿ ಕಣ್ಣ ಮುಂದೆ ನಿಲ್ಲಿಸುತ್ತಿದ್ದರು.

ಮಾಳಮಡ್ಡಿ ಅತ್ತಿ: ಅಣ್ಣಾ, ನಿನಗೆ ಮನ್ಸೂರರ ಜೈಪುರ್ ಘರಾಣೆ ಬಿಟ್ಟರೆ ಬೇರೆ ಕಿವಿಯೇ ಇಲ್ಲ. ಗಂಗೂಬಾಯಿ ಹಾನಗಲ್ ಅವರ ವಿಲಂಬಿತ, ಆ ನಿಧಾನದ ಹಾಡಿಕೆ ಕೇಳು. ಒಂದು ಸ್ವರದ ಮೇಲೆ ನಿಂತು, ಅದನ್ನ ಪೂರಾ ನೋಡಿ, ಆಮೇಲೆ ಮುಂದಿನದು. ಇದೂ ಹಾಗೇ ಇದೆ. ನನಗಂತೂ ಗಂಗೂಬಾಯಿಯವರ ಕಿರಾಣಾ ಘರಾಣೆಯವರೇ ನುಡಿಸಿದ ಹಾಗಿತ್ತು.

ಗದಗ ಕಾಕಾ: ಗಂಗೂಬಾಯಿಯವರ ವಿಲಂಬಿತದಲ್ಲಿ ತಬಲಾ ಇರುತ್ತದೆ, ತಂಗಿ. ಸಮ (ತಾಳದ ಮೊದಲ ಪೆಟ್ಟು) ಎಲ್ಲಿ ಅಂತ ಗೊತ್ತಾಗುತ್ತದೆ.

ನಾನು: ಇದರಲ್ಲೂ ಗೊತ್ತಾಗುತ್ತದೆ ಕಾಕಾ. ಎರಡನೇ ಚೆಲ್ಲೊದವನು ಬಿಲ್ಲು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾನೆ, ಅವನನ್ನ ಹಿಡಿಯಿರಿ. ನಡುವಿನ ಮೂವರು ಉದ್ದ ಉದ್ದ ಸ್ವರ ಹಿಡಿದಿರುತ್ತಾರೆ. ಮೇಲೆ ಮೊದಲ ವಯೊಲಿನ್ ಚೂರು ಚೂರು ಮಾತಾಡುತ್ತದೆ, ಅಷ್ಟೇ. ಒಂದು ಆವರ್ತಕ್ಕೆ 12 ಎಣಿಕೆ.

ಗದಗ ಕಾಕಾ: ಹಾಗಾದರೆ ಏಕತಾಲ ಅನ್ನು.

ನಾನು: ಅಲ್ಲ. ಏಕತಾಲದಲ್ಲಿ ಎರಡೆರಡರ ಆರು ವಿಭಾಗ. ಇಲ್ಲಿ ಮೂರುಮೂರರ ನಾಲ್ಕು. 12 ಒಂದೇ, ನಡಿಗೆ ಬೇರೆ.

ಗದಗ ಕಾಕಾ: ಆಯ್ತು, ಲಯ ಬಿಡು. ರೆಕಾರ್ಡಿಂಗೇ ಕೆಟ್ಟಿದೆ. ನಾನು ತಂಬೂರಿ ಆಪ್ ಬಿಳಿ 3ಕ್ಕೆ (ಹಾರ್ಮೋನಿಯಂನ ಮೂರನೇ ಬಿಳಿ ಪಟ್ಟಿಯ ಶ್ರುತಿಗೆ) ಇಟ್ಟು ಕೇಳಿದೆ. ಮೊದಲು ಸರಿಯಾಗಿ ಕೂತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಷಡ್ಜ (ಆಧಾರದ ‘ಸ’ ಸ್ವರ) ಬಿಳಿ 4ಕ್ಕೆ ಹೋಗಿದೆ. ತಂಬೂರಿ ಜತೆ ಕಚ್ಚಾಟ. ಹಳೇ ಟೇಪು ಜೋರಾಗಿ ಓಡಿದರೆ ಹೀಗೇ ಆಗೋದು. ಪುಣ್ಯಾಶ್ರಮದ ಊರಿನಲ್ಲಿ ಬೆಳೆದವನು ನಾನು, ಶ್ರುತಿ ತಪ್ಪಿದರೆ ಗೊತ್ತಾಗಲ್ವಾ?

ಹುಬ್ಬಳ್ಳಿ ಸಣ್ಣಕಾಕಾ: ಅಣ್ಣ ಹೇಳಿದ್ದರಲ್ಲಿ ಪಾಯಿಂಟ್ ಇದೆ. ನಮ್ಮ ಕ್ಯಾಸೆಟ್ ಪ್ಲೇಯರ್ ಹೀಗೇ ಮಾಡುತ್ತಿತ್ತು.

ನಾನು: ಕಾಕಾ, ನಿಮ್ಮ ಕಿವಿ ನೂರಕ್ಕೆ ನೂರು ಸರಿ. ತಪ್ಪು ಟೇಪಿನದಲ್ಲ. ಶೂಬರ್ಟ್ ಬರೆದದ್ದೇ ಹಾಗೆ. ಶುರು ಇ ಮೇಜರ್, ನಿಮ್ಮ ಬಿಳಿ 3, ಬಿಲಾವಲ್ ಥಾಟಿನ ಸ್ವರಗಳು. ನಡುವಿನ ಭಾಗ ಎಫ್ ಮೈನರ್, ಬಿಳಿ 4. ಹಾರ್ಮೋನಿಯಂನಲ್ಲಿ ಇವೆರಡರ ಮಧ್ಯೆ ಕರಿ ಪಟ್ಟಿಯೂ ಇಲ್ಲ, ಪಕ್ಕಪಕ್ಕದ ಮನೆ. ಇ ಸ್ವರದ ಮೇಲೇ ಒಂದು ಕಂಪನ ಎದ್ದು, ಜೋರಾಗಿ, ಹಾಗೇ ಎಫ್‌ಗೆ ಹತ್ತುತ್ತದೆ. ಇನ್ನೊಂದು ಸಲ ಅಲ್ಲೇ ಕೇಳಿ.

ಗದಗ ಕಾಕಾ: ಟೇಪು ಏರಿದರೂ ಹಾಗೇ ಕೇಳುತ್ತದೆ.

ನಾನು: ಇಲ್ಲ. ಅರ್ಧ ಸ್ವರ ಏರಬೇಕಾದರೆ ಟೇಪು ಸುಮಾರು ಶೇ 6ರಷ್ಟು ಜೋರಾಗಿ ಓಡಬೇಕು. ಆಗ ಎಲ್ಲ ಸ್ವರವೂ ಒಟ್ಟಿಗೆ ಮೇಲೆ ಹೋಗುತ್ತವೆ. ಶುದ್ಧ ಗಾಂಧಾರ, ಅಂದರೆ ‘ಗ’ ಸ್ವರ, ಶುದ್ಧವಾಗಿಯೇ ಇರುತ್ತದೆ. ಇಲ್ಲಿ ಗಾಂಧಾರ ಕೋಮಲ ಆಗಿದೆ, ಷಡ್ಜಕ್ಕೆ ಅರ್ಧ ಸ್ವರ ಹತ್ತಿರ ಬಂದಿದೆ. ಯಾವ ಟೇಪೂ ಗಾಂಧಾರವನ್ನ ಕೋಮಲ ಮಾಡಲ್ಲ ಕಾಕಾ. ಮೇಲಾಗಿ ಕೊನೆಗೆ ಮತ್ತೆ ಬಿಳಿ 3ಕ್ಕೇ ವಾಪಸ್ ಬರುತ್ತದೆ.

ಮಾಳಮಡ್ಡಿ ಅತ್ತಿ: ಗಾಂಧಾರದ ಮಾತಿಗೆ ಅಣ್ಣ ಆಫ್‌ಲೈನ್.

ಸಪ್ತಾಪುರ ಅಣ್ಣ: ಸಂಗೀತ ನನಗೆ ಗೊತ್ತಾಗಲ್ಲ. ಓದಿದ್ದು ಹೇಳುತ್ತೇನೆ. 1828ರಲ್ಲಿ ಬರೆದದ್ದು, ಅದೇ ನವೆಂಬರ್ 19ಕ್ಕೆ ತೀರಿಕೊಂಡ, ಬರೀ 31 ವಯಸ್ಸು. ಸಾವು ಬಾಗಿಲಲ್ಲಿ ನಿಂತಿತ್ತು, ಅದಕ್ಕೇ ಇಷ್ಟು ನಿಧಾನ, ಇಷ್ಟು ದುಃಖ.

ನಾನು: ಈ ಮಾತು ಎಲ್ಲ ಕಡೆ ಓಡಾಡುತ್ತದೆ ಅಣ್ಣ, ನನಗೆ ಹಿಡಿಸಲ್ಲ. ಅಕ್ಟೋಬರ್ 2ಕ್ಕೆ ಅವನು ಪ್ರಕಾಶಕನಿಗೆ ಪತ್ರ ಬರೆದಿದ್ದಾನೆ. ಕ್ವಿಂಟೆಟ್ ಮುಗಿದಿದೆ, ಇನ್ನು ಕೆಲವು ದಿನದಲ್ಲಿ ನುಡಿಸಿ ನೋಡುತ್ತೇವೆ ಅಂತ. ಮಾರುವ ಲೆಕ್ಕಾಚಾರದಲ್ಲಿದ್ದ ಮನುಷ್ಯ, ಸಾಯುವ ಲೆಕ್ಕಾಚಾರದಲ್ಲಲ್ಲ. ಅದು ಅಚ್ಚಾಗಿದ್ದು 1853ರಲ್ಲಿ, ಆ ಮಾತು ಬೇರೆ. ದುಃಖ ಅಂದರೆ ನಡುವಿನ ಭಾಗ ಅನ್ನಿ, ಅದೂ ಅಳುವುದಕ್ಕಿಂತ ಸಿಟ್ಟು ಜಾಸ್ತಿ. ಶುರುವಿನಲ್ಲಿ ದುಃಖ ಎಲ್ಲಿದೆ? ಅದು ಸುಮ್ನೆ ಕೂತಿದೆ.

ಮಾಳಮಡ್ಡಿ ಅತ್ತಿ: ವಾಪಸ್ ಬಂದಾಗ ಆ ಸುಮ್ನಿರೋದು ಬೇರೆಯಾಗಿದೆ. ಕೆಳಗಿನ ಚೆಲ್ಲೊ ಈಗ ಸಣ್ಣ ಸಣ್ಣ ಸ್ವರಗಳಲ್ಲಿ ಓಡಾಡುತ್ತದೆ. ಸಿಟ್ಟು ಇಳಿದರೂ ಮೈ ನಡುಕ ಹೋಗಿಲ್ಲ.

ನಾನು: ಅತ್ತಿ, ಇದನ್ನೇ ನಾನು ಹೇಳಬೇಕಿತ್ತು. ಮೊದಲು ಅಷ್ಟು ಹೊತ್ತು ನಿಲ್ಲಿಸಿದ್ದರಿಂದಲೇ ಆ ಅರ್ಧ ಸ್ವರದ ಏಟು ಬಿತ್ತು. ಚುರುಕಾಗಿ ನುಡಿಸಿದ್ದರೆ ಕಾಕಾನ ತಂಬೂರಿಗೂ ಗೊತ್ತಾಗುತ್ತಿರಲಿಲ್ಲ.

ಗದಗ ಕಾಕಾ: ಚಾ ಕುಡಿಯಲು ಹೋಗಿದ್ದೆ, ಓಡಿಹೋಗಿಲ್ಲ. ಮತ್ತೆ ಕೇಳಿದೆ. ಗಾಂಧಾರ ಕೋಮಲ ಇದೆ, ಒಪ್ಪಿದೆ. ಲಯ ಮಾತ್ರ ಒಪ್ಪಲ್ಲ. ಷಡ್ಜ ಬಿಟ್ಟು ಹೋಗುವವರನ್ನ ನಮ್ಮಲ್ಲಿ ಕಛೇರಿಗೆ ಕರೆಯಲ್ಲ. ಚುರುಕಾದದ್ದು ಏನಾದರೂ ಇದ್ದರೆ ಕಳಿಸು.

ನಾನು: ಇದೇ ಕ್ವಿಂಟೆಟ್‌ನ ಮೂರನೇ ಭಾಗ ಹಾಕಿದ್ದೇನೆ, ಓಟವೇ ಓಟ. ತಂಬೂರಿ ಬಿಳಿ 1ಕ್ಕೆ ಇಡಿ. ನಡುವೆ ಲಯ ಇಳಿಯುತ್ತದೆ, ಷಡ್ಜ ಕರಿ 1ಕ್ಕೆ ಹೋಗುತ್ತದೆ. ಮತ್ತೆ ಅರ್ಧ ಸ್ವರವೇ. ಬೈಯುವುದಿದ್ದರೆ ನಾಲ್ಕನೇ ಭಾಗವನ್ನೂ ಕೇಳಿ ಒಟ್ಟಿಗೆ ಬೈಯಿರಿ. ಅಲ್ಲಿ ಮುಗಿಯುವ ಗಳಿಗೆಯಲ್ಲೂ ಅದೇ ಕರಿ 1 ಬಂದು ಬಿಳಿ 1ಕ್ಕೆ ಬೀಳುತ್ತದೆ.

ಹುಬ್ಬಳ್ಳಿ ಸಣ್ಣಕಾಕಾ: ಭಾನುವಾರದ ಊಟಕ್ಕೆ ಎಷ್ಟು ಜನ ಬರುತ್ತೀರಿ ಅಂತ ಮೊದಲು ಹೇಳಿ.