‘ಮದ್ದು’ ಅಂದರೆ ಯಾವ ಮದ್ದು? ಲ್ಯಾಬ್ ಚೀಟಿಗೆ ಪದ ಬೇಕಿದೆ

ಗೆಳೆಯರೇ,

ತೋಟದ ವಿಷ ಮೈಗೆ ಸೇರಿದವರ ರಕ್ತ, ಮೂತ್ರ, ಹೊಟ್ಟೆ ತೊಳೆದ ನೀರು ಲ್ಯಾಬಿಗೆ ಹೋಗುವಾಗ ಜೊತೆಗೆ ಒಂದು ಚೀಟಿ ಹೋಗುತ್ತದೆ. ಕೊಡಗಿನ ಕಾಫಿ ತೋಟದವರಿಗೆ ಅರ್ಥ ಆಗುವ ಹಾಗೆ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತಿದೆ.

ದೊಡ್ಡ ತೊಡಕು ‘ಮದ್ದು’. ‘ಯಾವ ವಿಷ?’ ಅಂತ ಕೇಳಿದರೆ ಇಲ್ಲಿ ಬರುವ ಉತ್ತರ ಅದೊಂದೇ. ಎಲೆ ತುಕ್ಕಿಗೆ ಹೊಡೆಯುವ ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದು. ಬಿಳಿ ಕಾಂಡಕೊರಕ ಹುಳಕ್ಕೆ ಹಾಕುವ ಕ್ಲೋರ್‌ಪೈರಿಫಾಸ್ ಮದ್ದು. ಹುಲ್ಲು ಸುಡುವ ಪ್ಯಾರಾಕ್ವಾಟ್ ಕೂಡ ಮದ್ದೇ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ತಮಿಳರು ‘ಮರುಂದು’ ಅಂತಾರೆ, ಅಲ್ಲೂ ಇದೇ ಕಥೆ. ಸಾಲದ್ದಕ್ಕೆ ಕೊಡವರ ಕಕ್ಕಡ ತಿಂಗಳ ಹದಿನೆಂಟು ಬಂದರೆ, ಅಂದರೆ ಆಗಸ್ಟ್ ಶುರುವಿನಲ್ಲಿ, ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ‘ನಿನ್ನೆ ಮದ್ದು ತಿಂದೆ, ಇವತ್ತು ಮೂತ್ರ ಕೆಂಪು’ ಅಂತ ಯಾರಾದರೂ ಹೇಳಿದರೆ ಹೊರಗಿನಿಂದ ಬಂದ ಡಾಕ್ಟರು ಏನು ಬರೆದುಕೊಳ್ಳಬೇಕು ಹೇಳಿ!

ಲ್ಯಾಬಿನವರಿಗಂತೂ ಇದು ತಲೆನೋವು. ಎಲ್ಲ ಮದ್ದನ್ನೂ ಒಟ್ಟಿಗೆ ಹಿಡಿಯುವ ಪರೀಕ್ಷೆ ಇಲ್ಲ. ಪ್ಯಾರಾಕ್ವಾಟ್ ಅನುಮಾನ ಇದ್ದರೆ ಮೂತ್ರಕ್ಕೆ ಕ್ಷಾರ, ಸೋಡಿಯಂ ಡೈಥಯೊನೈಟ್ ಹಾಕಿ ನೀಲಿ ಬಣ್ಣ ಬರುತ್ತದಾ ನೋಡುತ್ತಾರೆ. ಬೋರ್ಡೋ ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಅಳೆಯಬೇಕು. ಕ್ಲೋರ್‌ಪೈರಿಫಾಸ್ ಆದರೆ ದಾರಿಯೇ ಬೇರೆ. ಹಾಗಾಗಿ ‘ಹುಳದ ಮದ್ದು’, ‘ಹುಲ್ಲಿನ ಮದ್ದು’, ‘ಬೋರ್ಡೋ’ ಅಂತ ಬಿಡಿಸಿ ಬರೆದಿದ್ದೇನೆ. ಪಕ್ಕದಲ್ಲಿ ‘ಡಬ್ಬಿ ಇದ್ದರೆ ತನ್ನಿ’ ಅಂತಲೂ ಸೇರಿಸಿದ್ದೇನೆ. ‘ಕೀಟನಾಶಕ’ ಅಂದರೆ ಹುಲ್ಲಿನ ಮದ್ದು ಹೊರಗೆ ಉಳಿಯುತ್ತದೆ. ‘ಪೀಡೆನಾಶಕ’ ಪುಸ್ತಕದಲ್ಲಿದೆ, ತೋಟದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ಇನ್ನೊಂದು, ಪರೀಕ್ಷೆಯ ಹೆಸರು. ಎಲ್ಲದಕ್ಕೂ ‘ವಿಷ ಪರೀಕ್ಷೆ’ ಅನ್ನುತ್ತೇವೆ. ಆದರೆ ಕ್ಲೋರ್‌ಪೈರಿಫಾಸ್ ಥರದ ಆರ್ಗನೋಫಾಸ್ಫೇಟಿಗೆ ಮೊದಲು ಮಾಡುವ ರಕ್ತಪರೀಕ್ಷೆ ವಿಷವನ್ನು ಹುಡುಕುವುದೇ ಇಲ್ಲ. ಅದು ನೋಡುವುದು ಕೋಲಿನೆಸ್ಟರೇಸ್ ಅನ್ನುವ ಎನ್‌ಜೈಮ್ ಎಷ್ಟು ಕೆಲಸ ಮಾಡುತ್ತಿದೆ ಅಂತ. ನರದಿಂದ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಕೆಲಸ ಮುಗಿದ ಮೇಲೆ ಅದನ್ನು ಒಡೆದುಹಾಕುವುದು ಈ ಎನ್‌ಜೈಮ್. ವಿಷ ಇದನ್ನು ಕಟ್ಟಿಹಾಕಿದರೆ ಜೊಲ್ಲು, ಬೆವರು ಸುರಿಯುತ್ತದೆ, ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಉಸಿರು ಕಟ್ಟುತ್ತದೆ. ಡಾಕ್ಟರು ರಿಪೋರ್ಟಿಗೆ ಕಾಯದೆ ಈ ಲಕ್ಷಣ ನೋಡಿಯೇ ಅಟ್ರೋಪಿನ್ ಅನ್ನುವ ಪ್ರತಿವಿಷ ಶುರು ಮಾಡುತ್ತಾರೆ.

ಎನ್‌ಜೈಮ್ ಕಡಿಮೆ ಬಂದ ಮಾತ್ರಕ್ಕೆ ವಿಷ ಅಂತಲೂ ಅಲ್ಲ. ರಕ್ತದ ದ್ರವದಲ್ಲಿರುವ ಕೋಲಿನೆಸ್ಟರೇಸ್ ಲಿವರ್ ಕೆಟ್ಟರೂ ಇಳಿಯುತ್ತದೆ. ಕೆಂಪು ರಕ್ತಕಣದಲ್ಲಿರುವುದು ಹೆಚ್ಚು ನಂಬಿಕಸ್ಥ. ಇದೇ ಎನ್‌ಜೈಮನ್ನು ಕಟ್ಟುವ ಕಾರ್ಬಮೇಟ್ ಜಾತಿಯ ಹುಳದ ಮದ್ದಾದರೆ ಇನ್ನೂ ಕಷ್ಟ. ಎನ್‌ಜೈಮ್ ಕೆಲವೇ ಗಂಟೆಯಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ, ಟ್ಯೂಬಿನೊಳಗೂ ಕೂಡ. ಸ್ಯಾಂಪಲ್ ತಂಪಾಗಿಟ್ಟು ಬೇಗ ಕಳಿಸದಿದ್ದರೆ ಎಲ್ಲ ಸರಿ ಇದೆ ಅಂತ ರಿಪೋರ್ಟ್ ಬರಬಹುದು.

ವಿಷವನ್ನೇ ಹಿಡಿಯುವ ಕೆಲಸ ಸ್ಯಾಂಪಲಿನಲ್ಲಿರುವುದನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ, ಅಣುವಿನ ತೂಕ ನೋಡಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನದ್ದು. ಆದ್ದರಿಂದ ಮೊದಲನೆಯದನ್ನು ‘ಎನ್‌ಜೈಮ್ ಇಳಿತದ ಪರೀಕ್ಷೆ’, ಎರಡನೆಯದನ್ನು ‘ವಿಷ ಪತ್ತೆ’ ಅನ್ನಲೇ? ಕ್ಲೋರ್‌ಪೈರಿಫಾಸ್ ಮೈಯೊಳಗೆ ಒಡೆದು ಟ್ರೈಕ್ಲೋರೋಪಿರಿಡಿನಾಲ್ ಆಗಿ ಮೂತ್ರದಲ್ಲಿ ಸಿಗುತ್ತದೆ. ಇಂಥದ್ದಕ್ಕೆ ‘ಚಯಾಪಚಯ ಉತ್ಪನ್ನ’ ಅನ್ನುವ ಪುಸ್ತಕದ ಪದ ಬೇಡ ಅನಿಸುತ್ತದೆ. ‘ವಿಷದ ಒಡಕಲು’ ಅಂದರೆ ತೀರಾ ಒರಟಾಯಿತಾ?

ಕೊನೆಗೆ ರಿಪೋರ್ಟಿನಲ್ಲಿ ಬರುವ ‘ಪತ್ತೆಯಾಗಿಲ್ಲ’. ಆ ಯಂತ್ರ ಹಿಡಿಯುವಷ್ಟು ಇಲ್ಲ ಅಂತ ಅದರ ಅರ್ಥ. ಮನೆಯವರು ಓದುವುದು ‘ವಿಷ ಇರಲಿಲ್ಲ’ ಅಂತ. ‘ಈ ಪರೀಕ್ಷೆಗೆ ಸಿಕ್ಕಿಲ್ಲ’ ಅಂತ ಬರೆದರೆ ಸರಿಹೋದೀತೇ?

ಚಿಕ್ಕಮಗಳೂರು, ಸಕಲೇಶಪುರದ ತೋಟದವರು ಹುಲ್ಲಿನ ಮದ್ದಿಗೆ ಬೇರೆ ಹೆಸರು ಬಳಸುತ್ತೀರಾ? ಅರೆಭಾಷೆ, ಕೊಡವ ತಕ್ಕ್ ಬಲ್ಲವರೂ ದಯವಿಟ್ಟು ತಿಳಿಸಿ. ಚೀಟಿ ಅಚ್ಚಿಗೆ ಹೋಗುವ ಮೊದಲು ಸೇರಿಸಿಕೊಳ್ಳುತ್ತೇನೆ.