ವರ್ಮಾಂಟ್‌ನ ನಮ್ಮ ಎರಡನೇ ಮನೆ: ತೆರಿಗೆ ಕಟ್ಟುವುದು ನಾವು, ಲೆಕ್ಕ ಯಾವ ರಾಜ್ಯಕ್ಕೆ?

ಹಿಮದೂರು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಏಳು ವರ್ಷದ ಹಿಂದೆ ಪಕ್ಕದ ರಾಜ್ಯ ವರ್ಮಾಂಟ್‌ನ ಒಂದು ಸಣ್ಣ ಊರಿನಲ್ಲಿ ಎರಡು ಕೋಣೆಯ ಮರದ ಮನೆ ತಗೊಂಡೆವು. ಮಕ್ಕಳಿಗೆ ಸ್ಕೀಯಿಂಗ್ ಅಂದರೆ ಪ್ರಾಣ, ನಮ್ಮೆಜಮಾನರಿಗೆ ಕಾಡು. ವರ್ಷಕ್ಕೆ ಹೆಚ್ಚೆಂದರೆ ನಲವತ್ತು ದಿನ ಅಲ್ಲಿರುತ್ತೇವೆ.

ಮೊನ್ನೆ ಈ ವರ್ಷದ ಆಸ್ತಿ ತೆರಿಗೆ ಬಿಲ್ ಬಂತು. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮುಖ್ಯವಾಗಿ ಎರಡು ಸಾಲು. ಒಂದು ಊರಿನದು: ರಸ್ತೆ, ಹಿಮ ತೆಗೆಯುವುದು, ಅಗ್ನಿಶಾಮಕದವರು. ಇನ್ನೊಂದು ‘ನಾನ್‌ಹೋಮ್‌ಸ್ಟೆಡ್ ಎಜುಕೇಶನ್’, ಅಂದರೆ ಸ್ವಂತ ವಾಸದ್ದಲ್ಲದ ಆಸ್ತಿಯ ಶಾಲಾ ತೆರಿಗೆ. ಒಟ್ಟು 6,140 ಡಾಲರ್. ಅದರಲ್ಲಿ 4,300ಕ್ಕಿಂತ ಜಾಸ್ತಿ ಶಾಲೆಗೆ. ನಮ್ಮ ಮಕ್ಕಳು ಆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಅದೇ ವಾರ ಟ್ಯಾಕ್ಸ್ ಫೌಂಡೇಶನ್ ಅನ್ನುವ ತೆರಿಗೆ ಅಧ್ಯಯನ ಸಂಸ್ಥೆಯವರು ಮಾಡಿದ ರಾಜ್ಯವಾರು ತೆರಿಗೆ ಹೊರೆಯ ಪಟ್ಟಿ ಕಣ್ಣಿಗೆ ಬಿತ್ತು. 2022ರ ಲೆಕ್ಕದಲ್ಲಿ ನ್ಯೂಯಾರ್ಕ್ ಜನರ ಹೊರೆ ವರಮಾನದ ಶೇ. 15.9. ವರ್ಮಾಂಟ್‌ದು ಶೇ. 13.6. ಅಲಾಸ್ಕಾದ್ದು ಬರೀ 4.6. ವರ್ಮಾಂಟ್‌ನ ಆ 13.6ರಲ್ಲಿ ನಾನು ಕಟ್ಟಿದ ದುಡ್ಡೂ ಸೇರಿದೆಯಾ? ಸೇರಿದ್ದರೆ ಅದನ್ನು ಅಲ್ಲಿಯವರ ಹೊರೆ ಅನ್ನುವುದು ಹೇಗೆ?

ಇನ್ನೊಂದು ಮಾತು. ಹೊರಗಿನವರು ಅಂತ ನಮಗೆ ಬೇರೆ ದರ ಹಾಕುವುದು ಸರಿಯಾ? ಅಲ್ಲಿ ನಮಗೆ ವೋಟ್ ಕೂಡ ಇಲ್ಲ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ತಿಳಿದವರು ಹೇಳಿ.

ಲೆಕ್ಕಿಗ:

ಮೇಡಂ, ಇಪ್ಪತ್ತು ವರ್ಷದಿಂದ ಇಲ್ಲಿ ಟ್ಯಾಕ್ಸ್ ರಿಟರ್ನ್ ಮಾಡಿಕೊಡುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ: ಸೇರಿಲ್ಲ. ಆ ಪಟ್ಟಿ ನೋಡುವುದು ಯಾವ ರಾಜ್ಯ ಎಷ್ಟು ವಸೂಲಿ ಮಾಡಿತು ಅಂತ ಅಲ್ಲ. ಒಂದು ರಾಜ್ಯದ ಜನ ತಮ್ಮ ಜೇಬಿನಿಂದ ಎಲ್ಲೆಲ್ಲಿ ಎಷ್ಟು ಕಟ್ಟಿದರು ಅಂತ. ಅಂದರೆ ನಿಮ್ಮ 6,140 ಡಾಲರ್ ಅವರ ವಿಧಾನದಲ್ಲಿ ಮ್ಯಾಸಚೂಸೆಟ್ಸ್ ಜನರ ಹೊರೆಗೆ ಹೋಗುತ್ತದೆ. ಅಲಾಸ್ಕಾ ಅಷ್ಟು ಕೆಳಗಿರುವುದಕ್ಕೂ ಇದೇ ಕಾರಣ. ಅಲ್ಲಿಯ ಖಜಾನೆಗೆ ಬರುವ ಎಣ್ಣೆ ತೆರಿಗೆಯ ಭಾರ ಹೆಚ್ಚಾಗಿ ಬೀಳುವುದು ಹೊರಗಿನವರ ಮೇಲೆ.

ಬರೀ ವಸೂಲಿಯನ್ನು ಅಲ್ಲಿಯ ಜನರ ವರಮಾನದಿಂದ ಭಾಗಿಸಿದರೆ ಮೇನ್, ವರ್ಮಾಂಟ್ ರಾಜ್ಯಗಳು ಇರುವುದಕ್ಕಿಂತ ಭಾರವಾಗಿ ಕಾಣುತ್ತವೆ. ಅಲ್ಲಿ ಸುಮಾರು ಆರು ಮನೆಗೆ ಒಂದು ರಜೆಯ ಮನೆ. ಆ ಭಾಗಾಕಾರದ ಮೇಲಿನ ಅಂಕೆಯಲ್ಲಿ ನಿಮ್ಮ ದುಡ್ಡಿದೆ, ಕೆಳಗಿನ ಅಂಕೆಯಲ್ಲಿ ನಿಮ್ಮ ಸಂಬಳ ಇಲ್ಲ. ಪತ್ರಿಕೆಗಳಲ್ಲಿ ಬರುವ ಎಷ್ಟೋ ಹೋಲಿಕೆಗಳು ಈ ಎರಡು ಲೆಕ್ಕವನ್ನು ಕಲಸಿಬಿಡುತ್ತವೆ.

ಇನ್ನು ದರ. ವರ್ಮಾಂಟ್‌ನಲ್ಲಿ ಅದು ‘ಹೊರಗಿನವರ ದರ’ ಅಲ್ಲ. ಅಲ್ಲಿಯವರೇ ಆದರೂ ಅಂಗಡಿ, ಬಾಡಿಗೆ ಮನೆ, ಬೇಟೆಗೆ ಹೋದಾಗ ತಂಗುವ ಕ್ಯಾಂಪ್ ಎಲ್ಲಕ್ಕೂ ನಾನ್‌ಹೋಮ್‌ಸ್ಟೆಡ್ ದರವೇ. ಸ್ವಂತ ವಾಸದ ಮನೆ ಅಂತ ಪ್ರತಿ ವರ್ಷ ಎಚ್‌ಎಸ್-122 ಫಾರಂ ಕೊಟ್ಟವರಿಗೆ ಮಾತ್ರ ಹೋಮ್‌ಸ್ಟೆಡ್ ದರ. 1997ರಲ್ಲಿ ಬ್ರಿಗಮ್ ಕೇಸಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಶ್ರೀಮಂತ ಊರಿನ ಮಕ್ಕಳಿಗೊಂದು ಬಡ ಊರಿನ ಮಕ್ಕಳಿಗೊಂದು ಆಗಬಾರದು ಅಂದಿತು. ಅದೇ ವರ್ಷ ಶಾಲೆಗೆ ಇಡೀ ರಾಜ್ಯದ ಆಸ್ತಿ ತೆರಿಗೆ ತಂದ ಕಾನೂನು, ಆಕ್ಟ್ 60 ಬಂತು. 2003ರ ಆಕ್ಟ್ 68 ದರವನ್ನು ಎರಡಾಗಿ ಒಡೆಯಿತು. ಹೋಮ್‌ಸ್ಟೆಡ್ ದರ ಊರಿನವರು ಶಾಲೆಗೆ ಎಷ್ಟು ಖರ್ಚಿಗೆ ವೋಟ್ ಹಾಕಿದರು ಅನ್ನುವುದರ ಮೇಲೆ ಏರಿಳಿಯುತ್ತದೆ. ನಿಮ್ಮದು ಇಡೀ ರಾಜ್ಯಕ್ಕೆ ಒಂದೇ. ಆಮೇಲೆ ಊರಿನ ಮೌಲ್ಯಮಾಪನ ಮಾರುಕಟ್ಟೆ ಬೆಲೆಗಿಂತ ಎಷ್ಟು ಹಿಂದೆ ಬಿದ್ದಿದೆ ಅಂತ ನೋಡಿ ಸರಿಹೊಂದಿಸುತ್ತಾರೆ, ಅಷ್ಟೆ. ಜಾಸ್ತಿ ಖರ್ಚು ಮಾಡುವ ಊರಿನಲ್ಲಿ ನಿಮ್ಮ ದರವೇ ಕಡಿಮೆ ಇರಬಹುದು. ಪಕ್ಕದ ಮನೆಯವರ ಬಿಲ್ ಒಮ್ಮೆ ಕೇಳಿ ನೋಡಿ.

ಫೆಡರಲ್ ರಿಟರ್ನ್‌ನಲ್ಲಿ ಈ ತೆರಿಗೆಯನ್ನೂ ಸಾಲ್ಟ್ (ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ) ಕಡಿತಕ್ಕೆ ಸೇರಿಸಬಹುದು. 2018ರಿಂದ ಅದರ ಮಿತಿ 10,000 ಡಾಲರ್ ಇತ್ತು, 2025ಕ್ಕೆ 40,000 ಆಯಿತು. ತುಂಬಾ ವರಮಾನ ಇರುವವರಿಗೆ ಆ ಮಿತಿ ಕೆಳಗಿಳಿಯುತ್ತದೆ. ಮ್ಯಾಸಚೂಸೆಟ್ಸ್ ಮಾತ್ರ ಬೇರೆ ರಾಜ್ಯದ ಆಸ್ತಿ ತೆರಿಗೆಗೆ ಕ್ರೆಡಿಟ್ ಕೊಡುವುದಿಲ್ಲ. ಅದು ಆದಾಯ ತೆರಿಗೆಗಷ್ಟೇ.

ಕೆರೆದಂಡೆ:

ಲೆಕ್ಕಿಗ ಸರ್ ಹೇಳಿದ್ದು ವರ್ಮಾಂಟ್‌ಗೆ ಸರಿ. ಎಲ್ಲಾ ಕಡೆ ಹೀಗಿಲ್ಲ. ನಾವು ಇಲಿನಾಯ್‌ನವರು, ಮಿಷಿಗನ್‌ನಲ್ಲಿ ಕೆರೆ ದಡದಲ್ಲಿ ಒಂದು ಕಾಟೇಜ್ ಇದೆ. 1994ರಲ್ಲಿ ಜನರ ವೋಟಿನಿಂದ ಪ್ರೊಪೋಸಲ್ ಎ ಅನ್ನುವ ತೆರಿಗೆ ಬದಲಾವಣೆ ಬಂದಮೇಲೆ ಅಲ್ಲಿ ಸ್ವಂತ ವಾಸದ ಮನೆಗೆ ಶಾಲೆಯ 18 ಮಿಲ್ (ಸಾವಿರ ಡಾಲರ್ ಮೌಲ್ಯಕ್ಕೆ 18 ಡಾಲರ್) ತೆರಿಗೆ ಇಲ್ಲ. ಎರಡನೇ ಮನೆಗೆ ಇದೆ. ತೆರಿಗೆ ಮೌಲ್ಯ 1,00,000 ಡಾಲರ್ ಇದ್ದರೆ ಅದೊಂದೇ 1,800 ಡಾಲರ್.

ಅದಕ್ಕಿಂತ ನನಗೆ ಉರಿದದ್ದು ಇನ್ನೊಂದು. ಅಲ್ಲಿ ಒಡೆತನ ಬದಲಾಗುವವರೆಗೆ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 5 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟೇ ಏರಬೇಕು. ಮಾರಿದ ಕೂಡಲೇ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಜಿಗಿಯುತ್ತದೆ. ನಾವು ಹಳೇ ಬಿಲ್ ನೋಡಿ ಬಜೆಟ್ ಹಾಕಿದ್ದೆವು. ಏಜೆಂಟ್ ಬಾಯಿ ಬಿಡಲಿಲ್ಲ. ಮರುವರ್ಷ ಬಿಲ್ ಎರಡೂವರೆ ಪಟ್ಟು.

ಪಕ್ಕದ ಕಾಟೇಜಿನವರು ಡೆಟ್ರಾಯಿಟ್‌ನವರು, ಮೂವತ್ತು ವರ್ಷದ ಒಡೆತನ. ಅಷ್ಟೇ ದೊಡ್ಡ ಮನೆಗೆ ನಮ್ಮ ಅರ್ಧ ಕಟ್ಟುತ್ತಾರೆ. ಅವರಿಗೂ 18 ಮಿಲ್ ಉಂಟು, ಹಾಗಾಗಿ ಹೊರ ರಾಜ್ಯದವರಿಗೆ ಮಾತ್ರ ಅನ್ನುವಂತಿಲ್ಲ. ಆದರೆ ಅವರು ಮಿಷಿಗನ್ ಶಾಸಕರಿಗೆ ವೋಟ್ ಹಾಕುತ್ತಾರೆ, ನಾವು ಹಾಕುವಂತಿಲ್ಲ. ನನ್ನ ದೂರು ಇರುವುದು ಅಲ್ಲಿ.

ಕಡಲತಡಿ:

ಹಿಮದೂರು ಅಕ್ಕ, ಆಸ್ತಿ ತೆರಿಗೆ ಒಂದು ಕಡೆ ಇರಲಿ, ದಿನಗಳ ಲೆಕ್ಕ ಬರೆದಿಡಿ. ಎಷ್ಟೋ ರಾಜ್ಯಗಳಲ್ಲಿ ಅಲ್ಲಿ ಮನೆ ಇದ್ದು 183 ದಿನ ದಾಟಿದರೆ ನಿಮ್ಮನ್ನು ಅಲ್ಲಿಯ ನಿವಾಸಿ ಅಂತ ಹಿಡಿದು ಪೂರ್ತಿ ವರಮಾನಕ್ಕೆ ತೆರಿಗೆ ಕೇಳುತ್ತಾರೆ. ನ್ಯೂಜೆರ್ಸಿಯಲ್ಲಿ ಮನೆ, ಮ್ಯಾನ್‌ಹಟನ್‌ನಲ್ಲಿ ಕೆಲಸ ಇದ್ದ ಒಬ್ಬರಿಗೆ ಹೀಗೇ ಆಯಿತು. ನ್ಯೂಯಾರ್ಕ್ ರಾಜ್ಯದ ನಾರ್ತ್‌ವಿಲ್‌ನಲ್ಲಿ ಅವರದ್ದೊಂದು ರಜೆಯ ಮನೆ. ವರ್ಷಕ್ಕೆ ಎರಡು ಮೂರು ವಾರ ಹೋಗುತ್ತಿದ್ದರು. ಕೆಲಸದ ದಿನ ಸೇರಿ 183 ದಾಟಿತ್ತು, ಮನೆಯೂ ಇತ್ತು, ನಿವಾಸಿ ಅಂದುಬಿಟ್ಟರು. 2022ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಅವರು ಅದನ್ನು ವಾಸದ ಮನೆಯಾಗಿ ಬಳಸುತ್ತಲೇ ಇರಲಿಲ್ಲ ಅಂತ. ಅಲ್ಲಿಯವರೆಗೆ ಅವರಿಗೆ ಎಷ್ಟು ರಾತ್ರಿ ನಿದ್ದೆ ಕೆಟ್ಟಿತ್ತೋ.

ಮುಂದೆ ವರ್ಮಾಂಟ್ ಮನೆ ಮಾರುವುದಾದರೆ, ಹೊರ ರಾಜ್ಯದವರು ಮಾರಿದಾಗ ಬೆಲೆಯ ಶೇ. 2.5 ಹಿಡಿದುಕೊಂಡು ರಾಜ್ಯಕ್ಕೆ ಕಳಿಸುತ್ತಾರೆ. ರಿಟರ್ನ್ ಹಾಕಿ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. ಗಾಬರಿ ಬೇಡ.

ಹಿಮದೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕಿಗ ಸರ್, ನೀವು ಹೇಳಿದಂತೆ ಶನಿವಾರ ಪಕ್ಕದ ಮನೆಗೆ ಹೋದೆ. ಅಲ್ಲಿಯ ಹಿರಿಯರು ಶಾಲಾ ಬಸ್ ಓಡಿಸುತ್ತಿದ್ದವರು, ಈಗ ರಿಟೈರ್ಡ್. ನಮ್ಮ ಡ್ರೈವ್‌ವೇ ಹಿಮವನ್ನೂ ಅವರೇ ತೆಗೆದುಕೊಡುತ್ತಾರೆ. ಬಿಲ್ ಕೇಳಲು ಸಂಕೋಚ ಆಯಿತು. ಅವರು ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಸಿಕ್ಕಿಸಿದ್ದನ್ನು ಕಿತ್ತು ನನ್ನ ಕೈಗೇ ಕೊಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಅವರ ಶಾಲಾ ದರ ನಮ್ಮದಕ್ಕಿಂತ ಜಾಸ್ತಿ! ಆದರೆ ಕೆಳಗೆ ಇನ್ನೊಂದು ಸಾಲು: ವರಮಾನ ನೋಡಿ ರಾಜ್ಯ ಕೊಡುವ ಕ್ರೆಡಿಟ್, 1,900 ಡಾಲರ್. ಅದಿಲ್ಲದಿದ್ದರೆ ಮನೆ ಮಾರಬೇಕಿತ್ತು ಅಂದರು. ‘ಹೊರಗಿನವರ ದರ’ ಅಂತ ನಾನು ಇನ್ನು ಹೇಳುವುದಿಲ್ಲ. ಆ ಕ್ರೆಡಿಟ್ ಅವರಿಗೆ ಸಿಗಲೇಬೇಕು.

ಕೆರೆದಂಡೆ ಅವರು ಹೇಳಿದ ವೋಟಿನ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಕಳೆದ ಮಾರ್ಚ್‌ನಲ್ಲಿ ಊರಿನ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ರಸ್ತೆ ಬಜೆಟ್ ಬಗ್ಗೆ ಒಂದು ಪ್ರಶ್ನೆ ಕೇಳಲು ಎದ್ದೆ. ಸಭೆ ನಡೆಸುವವರು ಮೊದಲು ಊರಿನವರನ್ನು ಕೇಳಿದರು, ಇವರು ಮಾತಾಡಬಹುದಾ ಅಂತ. ಎಲ್ಲರೂ ಕೈ ಎತ್ತಿದರು. ಎರಡು ನಿಮಿಷ ಮಾತಾಡಿದೆ. ಆಮೇಲೆ ಬಜೆಟ್ ವೋಟಿಗೆ ಬಂದಾಗ ಸುಮ್ನೆ ಕೂತೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಮರೆತು ಎಲ್ಲಿ ಎತ್ತಿಬಿಡುತ್ತೇನೋ ಅನ್ನುವ ಭಯ.

ಈ ಸಲ ಪಕ್ಕದ ಮನೆಯವರು, ನಮ್ಮ ಜೊತೆ ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ ಅಂದಿದ್ದಾರೆ. ಮಾರ್ಚ್‌ನ ಮೊದಲ ಮಂಗಳವಾರಕ್ಕೆ ಈಗಲೇ ರಜೆ ಹಾಕಿದ್ದೇನೆ.